ನಾನೇ ಜಗಳಾಡಿ ಹಚ್ಚಿಸಿದ ಪಟ್ಟಿ

ಆ ಪಟ್ಟಿಯನ್ನು ಗೋಡೆಗೆ ಹಚ್ಚಿ ಎಂದು ಜಗಳ ತೆಗೆದವನು ನಾನೇ. ಮಾಸ್ತರಿಕೆ ಮುಗಿಸಿ ಲಕ್ಷ್ಮೇಶ್ವರದಲ್ಲಿ ಕೂತಿದ್ದೇನೆ. ಮೂಗಿನ ತುದಿಯಲ್ಲೇ ಸಿಟ್ಟು, ಮಾಡಲು ಬೇರೆ ಕೆಲಸವೂ ಇಲ್ಲ. ಶಿಗ್ಲಿಯ ಹತ್ತಿರ ಅಪ್ಪ ಬಿಟ್ಟುಹೋದ ನಾಲ್ಕು ಎಕರೆ ಎರೆಹೊಲವಿದೆ. ಅದನ್ನು ಹದಿನಾಲ್ಕು ವರ್ಷದಿಂದ ಶಿಗ್ಲಿಯ ಒಬ್ಬ ಹೆಣ್ಣುಮಗಳು ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುತ್ತಾಳೆ. ವರ್ಷಕ್ಕಿಷ್ಟು ಎಂದು ನನಗೆ ಕೊಟ್ಟರಾಯಿತು, ಹತ್ತಿ ಬಿತ್ತುವುದು, ಬಿಡಿಸುವುದು, ಮಾರುವುದು ಎಲ್ಲ ಅವಳದೇ. ಯುಗಾದಿಯ ದಿನ ನಮ್ಮ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರೆ ಮುಂದಿನ ವರ್ಷದ ಮಾತು ಮುಗಿಯಿತು. ಕಾಗದ ಗೀಗದ ಇಲ್ಲ.

ಹೋದ ವರ್ಷ ಹತ್ತಿ ಬೆಳೆದವರಿಗೆ ಸರ್ಕಾರದ ಸಹಾಯಧನ ಬಂತು. ಅವಳಿಗೆ ಬರಲಿಲ್ಲ. "ಮಾಸ್ತರ, ಎಲ್ಲಾರ್ಗೂ ಬಂದೈತಂತ, ನಂದ ಎಲ್ಲಿ ಹೋತ್ರಿ?" ಎಂದು ಕೇಳಿದಳು. ಯಾರೋ ನುಂಗಿ ನೀರು ಕುಡಿದಿದ್ದಾರೆ ಎಂದು ನಾನೇ ತೀರ್ಮಾನಿಸಿ, ಶಿಗ್ಲಿಯ ಪಂಚಾಯ್ತಿಗೆ ಹೋಗಿ ಮೇಜು ಬಡಿದೆ. ಸರ್ಕಾರದ ದುಡ್ಡು ಯಾರ ಮನೆ ಸೇರಿತೆಂದು ಊರಿಗೆಲ್ಲ ಗೊತ್ತಾಗಬೇಕು ಎಂದು ಭಾಷಣ ಬಿಗಿದೆ. "ಹಚ್ಚತೇನ್ರಿ ಸರ, ಸಿಟ್ಟಾಗಬ್ಯಾಡ್ರಿ" ಎಂದ ಗುಮಾಸ್ತ ವಾರದೊಳಗೆ ಪಟ್ಟಿ ಹಚ್ಚಿದ.

ಅವಳಿಗೆ ಓದಲು ಬಾರದು. ಕನ್ನಡಕ ಏರಿಸಿ, ಹೆಸರುಗಳ ಮೇಲೆ ಬೆರಳಿಟ್ಟು, ನಾನೇ ಗಟ್ಟಿಯಾಗಿ ಓದುತ್ತ ಹೋದೆ. ಪಕ್ಕದಲ್ಲಿ ಅವಳು, ಹಿಂದೆ ಹತ್ತಾರು ಜನ ನಿಂತಿದ್ದರು. ಎರಡನೆಯ ಹಾಳೆಯಲ್ಲಿ ನನ್ನ ಹೆಸರೇ ಬಂತು. ಹತ್ತಿ, ನಾಲ್ಕು ಎಕರೆ, ಹಣ ಜಮಾ ಆಗಿದೆ. ಬೇರೆ ಯಾರೋ ಇರಬೇಕೆಂದು ತಂದೆಯ ಹೆಸರು ನೋಡಿದೆ. ಅದೂ ನಮ್ಮಪ್ಪನದೇ. ನಾನು ಜನ್ಮದಲ್ಲಿ ಒಂದು ಕಾಯಿ ಹತ್ತಿ ಬಿಡಿಸಿದವನಲ್ಲ.

ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಯಾರ ಹೆಸರಿದೆಯೋ ಅವರೇ ಬೆಳೆದವರೆಂದು ಲೆಕ್ಕ, ಎಂದ ಗುಮಾಸ್ತ. ಪಾಸ್‌ಬುಕ್ ನೋಡಿದರೆ ದುಡ್ಡು ಯಾವಾಗಲೋ ಬಂದಿತ್ತು. ಪಿಂಚಣಿಯ ಬಾಕಿ ಎಂದುಕೊಂಡು ಅದರಲ್ಲಿ ಮನೆಗೆ ಬಣ್ಣ ಹೊಡೆಸಿದ್ದೆ. ಹಾಗಾದರೆ ನುಂಗಿದವನು ನಾನೇನಾ? ನಾನು ಕೇಳಿರಲಿಲ್ಲ, ಅರ್ಜಿ ಹಾಕಿರಲಿಲ್ಲ.

ಮರುದಿನ ಬ್ಯಾಂಕಿನಲ್ಲಿದ್ದ ನನ್ನ ಪಿಂಚಣಿಯ ದುಡ್ಡಿನಿಂದ ಅಷ್ಟೂ ತೆಗೆದು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕಟ್ಟಿಕೊಂಡು ಅವಳು, "ರೊಕ್ಕ ನಂದ ಇತ್ತು, ಬಂತು. ಈ ಹೊಲಾ ನಾನ ಮಾಡತೇನಿ ಅಂತ ಒಂದ ಹಾಳಿ ಬರದ ಕೊಡ್ರಿ. ಅದನ್ನ ತೋರಿಸಿದ್ರ ಮುಂದಿನ ಸಲ ನನ್ನ ಹೆಸರ ಹಾಕಾಕ ಬರತೈತೇನೋ ಕೇಳತೇನಿ ಅಂದಾರ ಗುಮಾಸ್ತರು" ಎಂದಳು.

"ನೋಡೋಣಂತ" ಎಂದೆ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಅರ್ಧ ಹೊಲ ಕಳೆದುಕೊಂಡವನು ನಮ್ಮಪ್ಪ. ಏನು ಬೇಕಾದರೂ ಕೊಡು, ಲಾವಣಿ ಮಾಡುವವರಿಗೆ ಬರೆದು ಮಾತ್ರ ಕೊಡಬೇಡ ಎಂದು ಸಾಯುವತನಕ ಹೇಳಿದ. ಅವಳು ನನ್ನ ಹೊಲ ನುಂಗುವವಳಲ್ಲ. ಅದು ನನಗೆ ಗೊತ್ತು. ಗೊತ್ತಿದ್ದೂ ಹೆದರಿಕೆ ಹೋಗಲಿಲ್ಲ.

ಈ ಯುಗಾದಿಗೆ ಅವಳು ಬಂದಳು. ಹೊಸ ಬಣ್ಣದ ಗೋಡೆಗೆ ಒರಗದೆ ಕೂತಳು. ಎಲೆ ಅಡಿಕೆಯ ಪಕ್ಕ ಒಂದು ಬಿಳಿ ಹಾಳೆ, ಒಂದು ಪೆನ್ನು ಇಟ್ಟಳು.

"ನನಗ ಓದಾಕ ಬರಂಗಿಲ್ರಿ ಮಾಸ್ತರ. ಬರದ ಮ್ಯಾಲ, ಅವತ್ತ ಪಂಚಾಯ್ತ್ಯಾಗ ಓದಿದ್ರಲ್ಲ, ಹಂಗ ಗಟ್ಟಿಯಾಗಿ ಓದಿ ಹೇಳ್ರಿ."

ಪೆನ್ನಿನ ಮುಚ್ಚಳ ತೆಗೆದು ತಾರೀಖು ಬರೆದೆ. ಮುಂದೆ ಕೈ ಓಡಲಿಲ್ಲ. ಅವಳು ಎಲೆ ಮುಟ್ಟದೆ ಕಾಯುತ್ತ ಕೂತಿದ್ದಳು.