ಹೊಳೆಗೆ ಕಡಿದ ಕಣಿ

ಹಂಚಿನ ಕಾರ್ಖಾನೆಗೆ ನಮ್ಮ ಗದ್ದೆಯ ಆವೆಮಣ್ಣು ಹೋದ ಮೇಲೆ ಉಳಿದದ್ದು ಆಳೆತ್ತರದ ಹೊಂಡ. ಆಗಷ್ಟೇ ನಾನು ಬಿಎಸ್ಸಿ ಮುಗಿಸಿದ್ದೆ. ನಮ್ಮ ಕುಟುಂಬದಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಅಂಕಪಟ್ಟಿಗೆ ಅಪ್ಪಯ್ಯ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಉಡುಪಿಯಲ್ಲಿ ಬಿ.ಎಡ್. ಸೀಟೂ ಸಿಕ್ಕಿತ್ತು.

ಒಡೆದ ಹಂಚು, ಕೆಂಪು ಮಣ್ಣು ತುಂಬಿಸಿ, ಬದಿಗೆ ರಾಶಿ ಹಾಕಿದ್ದ ಮೇಲ್ಮಣ್ಣನ್ನು ಕೊನೆಗೆ ಹರಡಿದೆವು. ಆದರೂ ಗದ್ದೆ ಮೊದಲಿಗಿಂತ ಮೊಣಕಾಲಷ್ಟು ತಗ್ಗು. ಗುಡ್ಡದ ಒರತೆ ಬಂದು ನಿಲ್ಲುತ್ತಿತ್ತು. ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು, ಆ ನೀರು ಬಸಿಯಲು ಹೊಳೆಗೆ ಕಣಿ, ಅಂದರೆ ಸಣ್ಣ ಕಾಲುವೆ, ಕಡಿಯುವ ದಾರಿ ಗುರುತು ಮಾಡಿದವಳು ನಾನೇ.

"ಉಪ್ಪುನೀರ್ ಬಂದ್ರೆ?" ಎಂದಳು ಪಕ್ಕದ ಗದ್ದೆಯ ಅಕ್ಕ. ಉಬ್ಬರದ ಹೊತ್ತಿಗೆ ಕಡಲ ನೀರು ನಮ್ಮ ಹೊಳೆಗೆ ಏರುತ್ತದೆ.

"ನನ್ನಜ್ಜನ ಕಾಲ್ದಗೂ ಈ ಗೆದ್ದಿಗೆ ಬರ್ಲಿಲ್ಲ," ಎಂದರು ಅಪ್ಪಯ್ಯ. ನಾನೂ ತಲೆಯಾಡಿಸಿದೆ. ಅಜ್ಜನ ಕಾಲದ ಗದ್ದೆ ಎತ್ತರದಲ್ಲಿತ್ತು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಸುಗ್ಗಿ ಬೆಳೆಗೆ ನಟ್ಟಿ ಮಾಡಿದ ವಾರಕ್ಕೇ ಹುಣ್ಣಿಮೆಯ ಉಬ್ಬರ ಕಣಿ ಹಿಡಿದು ಒಳಗೆ ಬಂತು. ನೆಟ್ಟ ನೇಜಿಯ ಸಸಿಗಳೆಲ್ಲ ಉಪ್ಪಿಗೆ ಸುಟ್ಟುಹೋದವು.

ಮತ್ತೆ ನೆಟ್ಟೆವು. ಕಣಿ ಮುಚ್ಚಿದರೆ ಒರತೆ ನಿಂತು ಬೇರು ಕೊಳೆಯುತ್ತದೆ, ತೆರೆದರೆ ಉಪ್ಪು. ಕಣಿಯ ಬಾಯಿಗೆ ಹಲಗೆ ಇಟ್ಟು, ಇಳಿತಕ್ಕೆ ಎತ್ತಿ ಉಬ್ಬರಕ್ಕೆ ಮುಂಚೆ ಹಾಕಬೇಕು. ಆ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ. ಅಪ್ಪಯ್ಯನಿಗೆ ಅದೇ ಕಾರ್ಖಾನೆಯಲ್ಲಿ ಕೆಲಸ, ಸೈರನ್ನಿಗೆ ಸರಿಯಾಗಿ ಹೋಗಬೇಕು. ಹೊಳೆಗೆ ಸೈರನ್ನಿಲ್ಲ. ಮನೆಯಲ್ಲಿ ನಾವಿಬ್ಬರೇ.

"ಹ್ವಾಯ್, ಬಿಎಸ್ಸಿ ಮೇಡಂ, ಇವತ್ತ್ ಹೊಳಿ ಎಷ್ಟ್ ಗಂಟಿಗೆ ಬತ್ತ್?" ಅಕ್ಕ ದಿನಾ ಕೂಗುತ್ತಿದ್ದಳು.

"ಹತ್ತೂವರಿಗೆ ಅಕ್ಕ."

"ಓದ್ದೋರಿಗೆ ಹೊಳಿ ಹೇಳಿಯೇ ಬತ್ತ್ ಕಾಣ್!"

ಬಿ.ಎಡ್.ಗೆ ಸೇರಲು ಕೊನೆಯ ದಿನದ ಬೆಳಿಗ್ಗೆ ಅಪ್ಪಯ್ಯ ಅಂಕಪಟ್ಟಿಯನ್ನು ಕಟ್ಟಿನಿಂದ ಬಿಚ್ಚಿ ಕೈಗಿಟ್ಟರು.

"ನಾ ಕೆಲ್ಸ ಬಿಡ್ತೆ ಮಗಾ. ನೀ ಹೋಯ್ಕ್."

"ಕೆಲ್ಸ ಬಿಟ್ರೆ ಉಂಬುದೆಂತ ಅಪ್ಪಯ್ಯ?"

ಸೈರನ್ ಆಯಿತು, ಅವರು ಕೆಲಸಕ್ಕೆ ಹೋದರು.

ಒಂದು ದಿನದ ಮಾತಾದರೆ ಹಲಗೆ ಹಾಕಿ ಹೋಗಬಹುದಿತ್ತು. ಕಾಲೇಜೆಂದರೆ ದಿನಾ. ಸೀರೆ ಉಟ್ಟು, ಅಂಕಪಟ್ಟಿ ಚೀಲಕ್ಕೆ ಹಾಕಿ ಗದ್ದೆಯ ಅಂಚಿನ ತನಕ ಬಂದೆ. ಎರಡನೇ ಸಲದ ನೇಜಿ ಆಗಷ್ಟೇ ಬೇರು ಹಿಡಿದು ಹಸಿರಾಗಿತ್ತು. ಹೆದ್ದಾರಿಯ ತಿರುವಿನಲ್ಲಿ ಉಡುಪಿ ಬಸ್ಸಿನ ಹಾರ್ನ್ ಕೇಳಿತು. ಚೀಲವನ್ನು ಅಂಚಿನ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ, ಕಣಿಗಿಳಿದು ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪಾಗತೊಡಗಿತ್ತು. ಉಡುಪಿ ಬಸ್ಸು ಹೊರಟುಹೋಯಿತು.

ಹಲಗೆ ಹಾಕಿದೆ.