ಎರಡನೇ ಸಾಲಿನ ಸುಧಾ ಅತ್ತಿ

ಕಾಯಿಸಿದ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎಲ್ಲಿಗೋ ಹೊರಡಬೇಕು, ತಡವಾಯಿತು ಎನ್ನಿಸುತ್ತದೆ. ತಾಂಬಾದ ನಮ್ಮ ಮನೆಯಲ್ಲಿ ದೀಪಾವಳಿ ಪಾಡ್ಯದ ನಸುಕೆಂದರೆ ಅದೇ ಅವಸರ. ತಲೆಗೆ ಎಣ್ಣೆ ಒತ್ತಿಸಿಕೊಂಡು, ಬಿಸಿನೀರು ಹೊಯ್ದುಕೊಂಡು, ಒದ್ದೆ ಜಡೆಯಲ್ಲೇ ಇಂಡಿ ಪಟ್ಟಣಕ್ಕೆ ಹೋಗುವ ಮೊದಲ ಬಸ್ಸು ಹಿಡಿಯಬೇಕಿತ್ತು. ಅಲ್ಲಿಯ ಗುಡಿಯಲ್ಲಿ ಹೆಂಗಸರ ಭಜನಾ ಮಂಡಳಿ ಪ್ರತಿವರ್ಷ ಅಂದು ದಾಸರ ಪದ, ಮರಾಠಿ ಅಭಂಗಗಳನ್ನು ಒಕ್ಕೊರಲಿನಿಂದ ಹಾಡುತ್ತಿತ್ತು. ಎರಡನೇ ಸಾಲಿನಲ್ಲಿ ಅಪ್ಪನ ತಂಗಿ ಸುಧಾ ಅತ್ತಿ ನಿಲ್ಲುತ್ತಿದ್ದಳು. ಮದುವೆಯಾಗಿರಲಿಲ್ಲ, ಇಂಡಿಯಲ್ಲೇ ಶಿಕ್ಷಕಿಯಾಗಿದ್ದಳು. ಅಪ್ಪನಿಗೆ ರಾಗ, ತಾಳ ಒಂದೂ ತಿಳಿಯದು. ಆದರೂ ಜಮಖಾನೆಯ ಮೇಲೆ ಮಂಡಿ ಕುಣಿಸುತ್ತ ಕೂತು, ಅಷ್ಟೊಂದು ದನಿಗಳ ನಡುವೆ ತಂಗಿಯ ದನಿ ಹುಡುಕಿ ನಮ್ಮನ್ನು ತಿವಿಯುತ್ತಿದ್ದ. “ಕೇಳಾಕತ್ತೈತೇನು? ಅದ ನೋಡು, ನಮ್ಮ ಸುಧಾ!” ಅವ್ವ, “ಸುಮ್ಮ ಕೂಡ್ರಿ, ಮಂದಿ ನೋಡಾಕತ್ತಾರ” ಎಂದು ಗದರುತ್ತಿದ್ದಳು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅತ್ತಿಯ ಗಂಟಲಿಗೆ ಆಪರೇಷನ್ ಆಯಿತು. ಸೊಲ್ಲಾಪುರದಲ್ಲಿ ಗಡ್ಡೆ ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಉಸಿರಿನಷ್ಟು ಸಣ್ಣ ಪಿಸುಮಾತು ಮಾತ್ರ ಬರುತ್ತಿತ್ತು. ಆ ಪಾಡ್ಯಕ್ಕೆ ಆಕೆ ಹಾಡುವವರೊಂದಿಗೆ ನಿಲ್ಲಲಾರಳೆಂದೇ ತಿಳಿದಿದ್ದೆವು. ಆದರೆ ಮಂಡಳಿಯ ಹೆಂಗಸರು ಆಕೆಯ ಜಾಗವನ್ನು ಹಾಗೇ ಖಾಲಿ ಬಿಟ್ಟು ಕಾಯುತ್ತಿದ್ದರು. ಅತ್ತಿ ಹಸಿರು ಇಳಕಲ್ ಸೀರೆಯುಟ್ಟು, ಸೆರಗಿನಿಂದ ಕೊರಳು ಮುಚ್ಚಿಕೊಂಡು ಹೋಗಿ ನಿಂತಳು. ಹಾಡು ಶುರುವಾಯಿತು. ಆಕೆಯ ತುಟಿ ಒಂದಕ್ಷರವೂ ತಪ್ಪದೆ ಆಡುತ್ತಿತ್ತು, ಕೊರಳಿನ ನರ ಉಬ್ಬುತ್ತಿತ್ತು. ಅಪ್ಪನ ಮಂಡಿ ನಿಂತುಹೋಗಿತ್ತು. ಈಗ ತಿವಿಯುತ್ತಾನೆ, ಈಗ ತಿವಿಯುತ್ತಾನೆ ಎಂದು ನಾನು ಮೈಯೆಲ್ಲ ಬಿಗಿ ಹಿಡಿದು ಕಾದೆ. ಅಪ್ಪ ಅಲುಗಲಿಲ್ಲ.

ಹಾಡು ಮುಗಿದು ಪ್ರಸಾದ ಹಂಚುವಾಗ ಅತ್ತಿ ನೇರ ಅಪ್ಪನ ಬಳಿ ಬಂದಳು. “ಅಣ್ಣಾ, ಕೇಳಿಸ್ತೇನು?” ಎಂದಳು, ಕಿವಿಯ ಹತ್ತಿರ ಬಾಗಿ. ಅವ್ವ ಅಪ್ಪನ ಅಂಗಿಯ ತುದಿ ಹಿಡಿದು ಎಳೆದಳು, ಹೌದೆನ್ನಲಿ ಎಂದು. ಅಪ್ಪನಿಗೆ ಸುಳ್ಳು ಹೇಳಲಾಗಲಿಲ್ಲ.

“ಇಲ್ಲವಾ. ನನಗ ಕೇಳಿಸಲಿಲ್ಲ.”

“ನನಗ ಕೇಳಿಸ್ತು” ಎಂದಳು ಅತ್ತಿ. ಅಷ್ಟು ಹೇಳಿ ಸದ್ದಿಲ್ಲದೆ ನಕ್ಕಳು. ಅಪ್ಪ ಪ್ರಸಾದದ ದೊನ್ನೆ ಹಿಡಿದುಕೊಂಡೇ, ಅಷ್ಟು ಜನರ ನಡುವೆ, ಮಗುವಿನಂತೆ ಅತ್ತುಬಿಟ್ಟ.

ಇನ್ನೂ ಎರಡು ವರ್ಷ ಆಕೆ ಆ ಸಾಲಿನಲ್ಲಿ ನಿಂತಳು. ಮುಂದಿನ ದಸರೆಗೆ ಮೊದಲೇ ಹೋಗಿಬಿಟ್ಟಳು. ಈಗ ಆ ಮಂಡಳಿಯಿಲ್ಲ, ಅಪ್ಪ, ಅವ್ವನೂ ಇಲ್ಲ. ಆದರೆ ಅತ್ತಿಯಿಲ್ಲದ ಆ ಮೊದಲ ಪಾಡ್ಯ ಮಾತ್ರ ನನ್ನನ್ನು ಬಿಡುವುದಿಲ್ಲ. ಅಪ್ಪ ಯಾರನ್ನೂ ಎಬ್ಬಿಸದೆ ತಾನೊಬ್ಬನೇ ಮಿಂದು, ಶುಭ್ರ ಧೋತರ ಉಟ್ಟು, ಬಾಗಿಲಿಗೂ ರಸ್ತೆಗೂ ತಿರುಗಾಡುತ್ತಿದ್ದ. ಇಂಡಿಯ ಬಸ್ಸು ಬಂತು, ನಿಂತಿತು. ಕಂಡಕ್ಟರ್ ಗುರುತು ಹಿಡಿದು, “ಬರ್ರಿ, ಹತ್ರಿ” ಎಂದು ಕರೆದ. ಅಪ್ಪ ಒಂದು ಹೆಜ್ಜೆ ಮುಂದಿಟ್ಟವನು ನಿಂತ. “ನೀವು ನಡೀರಿ” ಎಂದು ಕೈ ಬೀಸಿದ. ಬಸ್ಸಿನ ಧೂಳು ಅಡಗಿದ ಮೇಲೂ ಅಲ್ಲೇ ಇದ್ದ. ಕೊನೆಗೆ ಒಳಗೆ ಬಂದು, ಟೊಪ್ಪಿಗೆ ತೆಗೆದು ಗೂಟಕ್ಕೆ ತೂಗುಹಾಕಿದ.