ಬೊಮ್ಮನಕೆರೆಗೆ ಎರಡು ತಿಂಗಳ ಬಿಡುವು

ರಾಮಾಂಜಿನಪ್ಪ ದೊಡ್ಡನೆಕ್ಕುಂದಿಯ ಸ್ಪ್ರಿಂಗ್ ಫ್ಯಾಕ್ಟರಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಫಿಟ್ಟರ್. ಮಾತು ಕಡಿಮೆ, ಕೈ ಚುರುಕು. ಫ್ಯಾಕ್ಟರಿಯಲ್ಲಿ ಕತ್ತರಿಸಿ ಎಸೆದ ಉಕ್ಕಿನ ತಂತಿಯ ಚೂರುಗಳನ್ನು ಬಗ್ಗಿಸಿ, ಕಲ್ಲಿಗೆ ಉಜ್ಜಿ, ತನ್ನ ಗಾಳದ ಕೊಕ್ಕೆಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ. ಆರು ದಿನ ಮಿಷನ್ನಿನ ಸದ್ದಿನಲ್ಲಿರುವವನಿಗೆ ಭಾನುವಾರವೆಂದರೆ ಊರ ಹಿಂದಿನ ಬೊಮ್ಮನಕೆರೆಯ ಏರಿ, ಬಿದಿರು ಕಡ್ಡಿ, ಎರೆಹುಳು ತುಂಬಿದ ಡಬ್ಬಿ. ಹೆಂಡತಿ ಧನಲಕ್ಷ್ಮಿ ಅದೇ ಊರಿನ ಮೇಲಿನ ಬೀದಿಯವಳು. ಅವಳ ಅಣ್ಣ ವೆಂಕಟರಮಣಪ್ಪ ರಾಮಾಂಜಿನಪ್ಪನ ಓರಗೆಯವನು. ಇಬ್ಬರೂ ಒಂದೇ ಕೆರೆಯಲ್ಲಿ ಈಜು ಕಲಿತವರು. ಮೂರು ವರ್ಷದಿಂದ ಆ ಕೆರೆಯ ಮೀನಿನ ಟೆಂಡರ್ ಇದೇ ವೆಂಕಟರಮಣಪ್ಪನ ಕೈಲಿತ್ತು.

ಏರಿಯ ಮೇಲೆ ರಾಮಾಂಜಿನಪ್ಪನಿಗೆ ಇಬ್ಬರು ಜೊತೆಗಾರರು ಸಿಕ್ಕಿದ್ದರು. ಒಬ್ಬ ಬ್ರೂಕ್‌ಫೀಲ್ಡ್‌ನ ಅಪಾರ್ಟ್‌ಮೆಂಟಿನ ಕೃಷ್ಣ. ಕಂಪ್ಯೂಟರ್ ಕೆಲಸ, ಫಳಫಳ ಹೊಳೆಯುವ ರೀಲು, ಹಿಡಿದ ಮೀನಿಗೆಲ್ಲ ಫೋಟೋ. ಇನ್ನೊಬ್ಬ ಲಿಂಗಸುಗೂರು ಕಡೆಯ ಇರಣ್ಣ. ಮಹದೇವಪುರದಲ್ಲಿ ಏಳುತ್ತಿದ್ದ ಟವರೊಂದರಲ್ಲಿ ಕಂಬಿ ಕಟ್ಟುವ ಕೆಲಸ. ಕೆರೆಯ ಆಚೆ ದಡದ ತಗಡಿನ ಶೆಡ್ಡಿನಲ್ಲಿ ಹೆಂಡತಿ ರುಕ್ಮವ್ವನ ಜೊತೆ ವಾಸ. ಅವನಿಗೆ ಕಡ್ಡಿಯೂ ಇಲ್ಲ, ರೀಲೂ ಇಲ್ಲ. ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ದಾರ ಅಷ್ಟೇ. ಆದರೆ ಮೂವರಲ್ಲಿ ಹೆಚ್ಚು ಮೀನು ಹಿಡಿಯುತ್ತಿದ್ದವನು ಅವನೇ.

ಎರಡು ಸಾವಿರದ ಹನ್ನೊಂದರ ಮಳೆಗಾಲದಲ್ಲಿ ಒಂದು ಭಾನುವಾರ, ವೆಂಕಟರಮಣಪ್ಪನ ಆಳುಗಳು ಸೊಳ್ಳೆಪರದೆಯಂಥ ಬಲೆ ಎಳೆಯುವುದನ್ನು ಮೂವರೂ ಕಂಡರು. ಬಲೆ ದಡಕ್ಕೆ ಬಂದಾಗ ಅದರ ತುಂಬ ಬೆರಳುದ್ದದ ಮರಿಗಳು. ದೊಡ್ಡ ಮೀನು ನಾಲ್ಕಾರು ಇದ್ದಿರಬಹುದು. ಅವನ್ನು ಆರಿಸಿಕೊಂಡು ಮಿಕ್ಕಿದ್ದನ್ನು ಕೋಳಿ ಫಾರಂಗೆಂದು ಚೀಲಕ್ಕೆ ತುಂಬಿದರು. ಮುಂದಿನ ಬೇಸಿಗೆಯ ಹೊತ್ತಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತರೂ ಯಾರ ದಾರವೂ ಅಲುಗದಂತಾಯಿತು.

“ಸುಮ್ನೆ ಕೂತ್ರೆ ಆಗಲ್ಲ ಕಣ್ರೀ,” ಅಂದ ಕೃಷ್ಣ. “ಡಿಪಾರ್ಟ್‌ಮೆಂಟ್‌ಗೆ ಒಂದು ಅರ್ಜಿ ಕೊಡೋಣ. ಏನೇನು ರೂಲ್ಸ್ ಬೇಕು ಅಂತ ನೀವು ಹೇಳಿ, ನಾನು ಟೈಪ್ ಮಾಡ್ತೀನಿ.”

ರಾಮಾಂಜಿನಪ್ಪ ನಿಧಾನವಾಗಿ ಹೇಳಿದ: “ಸಣ್ಣ ಕಣ್ಣಿನ ಬಲೆ ಬ್ಯಾಡ. ಗೇಣಿಗಿಂತ ಚಿಕ್ಕ ಮೀನು ಸಿಕ್ರೆ ವಾಪಸ್ ನೀರಿಗೆ. ಮೊದಲ ಮಳೆ ಬಿದ್ದ ಮೇಲೆ ಎರಡು ತಿಂಗಳು, ಮರಿ ಕಾಯೋ ಕೊರವನ ತಂಟೆಗೆ ಯಾರೂ ಓಗಬಾರ್ದು.”

ಕೊರವ ಬೇರೆ ಮೀನಿನಂತಲ್ಲ. ಮೊಟ್ಟೆಯೊಡೆದು ಬಂದ ಮರಿಗಳು ಕೆಂಪಗೆ ಗುಂಪುಕಟ್ಟಿ ನೀರ ಮೇಲ್ಮೈಯಲ್ಲಿ ಕುದಿಯುವಂತೆ ಆಡುತ್ತವೆ. ತಾಯಿ ತಂದೆ ಎರಡೂ ಕೆಳಗೆ ನಿಂತು ಕಾಯುತ್ತವೆ. ಕಾಯುವವರನ್ನು ತೆಗೆದರೆ ಮರಿಗಳಿಗೆ ಉಳಿಗಾಲವಿಲ್ಲ.

ಏರಿಯ ಮೇಲೆ ಗಾಳ ಹಾಕುವ ಅರವತ್ತು ಮಂದಿ ಅರ್ಜಿಗೆ ಸಹಿ ಹಾಕಿದರು. ಇರಣ್ಣ ಎಡಗೈ ಹೆಬ್ಬೆಟ್ಟು ಒತ್ತಿದ. ಪಟ್ಟಿಯಲ್ಲಿ ಮೊದಲ ಹೆಸರು ರಾಮಾಂಜಿನಪ್ಪನದು.

ಅರ್ಜಿ ಕೊಟ್ಟ ಮೂರನೇ ದಿನವೇ ವೆಂಕಟರಮಣಪ್ಪ ಮನೆಗೆ ಬಂದ. ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತ.

“ಭಾವ, ನನ್ ಎಸರು ಕೆಡ್ಸೋಕೆ ನಿಂಗೆ ಆ ಟೆಕ್ಕಿ ಜೊತೆ ಬೇಕಾಗಿತ್ತಾ?”

“ನಿನ್ ಎಸರು ಅದರಾಗೆಲ್ಲೂ ಇಲ್ಲ. ಬಲೆ ವಿಷಯ ಐತೆ ಅಷ್ಟೇ.”

“ಕೆರೆಯಾಗೆ ಬಲೆ ಇರೋದು ನಂದೊಂದೇ ಅಲ್ವಾ?” ವೆಂಕಟರಮಣಪ್ಪ ತಂಗಿಯ ಕಡೆ ತಿರುಗಿದ. “ಲಕ್ಷ್ಮೀ, ಇವ್ನಿಗೆ ನೀನೇ ಏಳು. ಅರ್ಜಿ ವಾಪಸ್ ತಗೊಳ್ಳೋವರ್ಗೂ ಈ ಮನೇಲಿ ನಂಗೆ ನೀರೂ ಬ್ಯಾಡ.”

ಅವನು ಹೋದ ಮೇಲೆ ಧನಲಕ್ಷ್ಮಿ ಗಂಡನ ಮುಂದೆ ತಟ್ಟೆ ಇಟ್ಟಳು. ಮುದ್ದೆ ಆರಿತ್ತು. “ಮೀನಿಗೋಸ್ಕರ ಒಡಹುಟ್ಟಿದವನನ್ನ ಕಳ್ಕೋಬೇಕಾ ನಾನು?” ಎಂದಳು. ರಾಮಾಂಜಿನಪ್ಪ ತಟ್ಟೆ ಸರಿಸಿ ಎದ್ದ.

ಮೀನುಗಾರಿಕೆ ಇಲಾಖೆಯಿಂದ ಕಾಗದ ಬಂತು. ಮೇ ಹದಿನೈದಕ್ಕೆ ಊರ ಶಾಲೆಯಲ್ಲಿ ಸಭೆ, ದೂರಿಗೆ ಆಧಾರ ತರಬೇಕು ಎಂದು. ಆಧಾರವೆಂದರೆ ಬಲೆಯ ಕಣ್ಣಿನ ಅಳತೆ. ಸಭೆಗೆ ನಾಲ್ಕು ದಿನ ಇರುವಾಗ ರಾಮಾಂಜಿನಪ್ಪ ಬೆಳಗ್ಗೆ ಆರು ಗಂಟೆಗೆ ಕೆರೆಯ ತೂಬಿನ ಬಳಿಗೆ ಹೋದ. ಜೇಬಿನಲ್ಲಿ ತನ್ನ ವರ್ನಿಯರ್ ಇತ್ತು. ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ಉಕ್ಕಿನ ಮಾಪಕ. ಕೃಷ್ಣನೂ ಬರುತ್ತೇನೆಂದಿದ್ದ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಫೋನು ಮಾಡಿದ. ಕಾಯುವುದಕ್ಕೆ ಆಗ ಹೊತ್ತಿರಲಿಲ್ಲ. ಆಳುಗಳು ಆಗಲೇ ಬಲೆ ಎಳೆದು ದಡದಲ್ಲಿ ಹರವಿದ್ದರು.

ಅವನು ಕುಕ್ಕರುಗಾಲಲ್ಲಿ ಕೂತು ಬಲೆಯ ಒಂದು ಕಣ್ಣನ್ನು ಹಿಗ್ಗಿಸಿ ವರ್ನಿಯರ್ ಇಟ್ಟ. ಹನ್ನೊಂದು ಮಿಲಿಮೀಟರ್. ಇನ್ನೊಂದು ಕಡೆ ಇಟ್ಟ. ಅದೂ ಹನ್ನೊಂದೇ. ಫೋನಿನಲ್ಲಿ ಫೋಟೋ ತೆಗೆಯುವಷ್ಟರಲ್ಲಿ ಐದು ಜನ ಸುತ್ತ ನಿಂತಿದ್ದರು.

“ಏನಣ್ಣ, ನಮ್ ಬಲೇಗೆ ಬಟ್ಟೆ ಹೊಲಿಸ್ತೀಯಾ?” ಒಬ್ಬ ನಕ್ಕ. ಇನ್ನೊಬ್ಬ ನಗಲಿಲ್ಲ. ಅವನ ಕೈಯಲ್ಲಿ ದೋಣಿ ತಳ್ಳುವ ಬಿದಿರಿನ ಜಲ್ಲೆ ಇತ್ತು. “ಫೋನ್ ಕೊಡು ಇಲ್ಲಿ.”

ರಾಮಾಂಜಿನಪ್ಪ ಎದ್ದು ನಿಂತ. ಬೆನ್ನ ಹಿಂದೆ ತೂಬಿನ ಗುಂಡಿ, ಎರಡಾಳು ಆಳ, ಕೆಳಗೆ ಬರೀ ಕಲ್ಲು. ಜಲ್ಲೆಯ ತುದಿ ಅವನ ಎದೆಗೆ ತಾಕಿತು. ಒಂದು ಹೆಜ್ಜೆ ಹಿಂದಿಟ್ಟ. ಮತ್ತೆ ತಾಕಿತು. ಹಿಮ್ಮಡಿಯ ಕೆಳಗೆ ಮಣ್ಣು ಜಾರಿ ಕೆಳಗಿನ ಕಲ್ಲಿಗೆ ಬಿದ್ದ ಸದ್ದು ಕೇಳಿಸಿತು.

“ಏಯ್! ಯಾವನಲೇ ಅಂವ!”

ಆಚೆ ದಡದಿಂದ ಇರಣ್ಣ ಓಡಿ ಬರುತ್ತಿದ್ದ. ಅವನ ಹಿಂದೆ ಶೆಡ್ಡಿನ ಹತ್ತು ಹನ್ನೆರಡು ಜನ, ಕೆಲಸಕ್ಕೆ ಹೊರಟವರು, ಕೆಲವರ ಕೈಯಲ್ಲಿ ಊಟದ ಡಬ್ಬಿ. ಇರಣ್ಣ ಬಂದವನೇ ಜಲ್ಲೆಯನ್ನು ನಡುವೆ ಹಿಡಿದ. “ನಮ್ಮ ಹಿರೇರಿಗೆ ಕೈ ಹಚ್ಚತಿಯೇನು? ಹಚ್ಚಿ ನೋಡು.” ಜಲ್ಲೆಯವನು ಕೈ ಬಿಟ್ಟ. ಆಳುಗಳು ಬಲೆ ಸುತ್ತಿಕೊಂಡು ಹೊರಟುಹೋದರು. ರಾಮಾಂಜಿನಪ್ಪ ವರ್ನಿಯರನ್ನೂ ಫೋನನ್ನೂ ಜೇಬಿಗೆ ಹಾಕಿಕೊಂಡ.

ಸಭೆಯ ದಿನ ಶಾಲೆಯ ಹಾಲ್ ತುಂಬಿತ್ತು. ಬಂದ ಅಧಿಕಾರಿ ನಲವತ್ತರ ಆಸುಪಾಸಿನ ಹೆಂಗಸು, ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳಿದರು. ಕೃಷ್ಣ ಫೋಟೋ ತೋರಿಸಿದ. ರಾಮಾಂಜಿನಪ್ಪ ಬಲೆಯ ಅಳತೆ ಹೇಳಿದ. ಅಧಿಕಾರಿ ಬರೆದುಕೊಳ್ಳುವಾಗ ವೆಂಕಟರಮಣಪ್ಪ ಎದ್ದು ನಿಂತ.

“ಮೇಡಂ, ಇವನು ಮರಿ ಕಾಯೋ ಕೊರವನ ಬಗ್ಗೆ ಬರ್ದವ್ನೆ. ಒಂದು ಮಾತು ಕೇಳ್ತೀನಿ, ಎಲ್ಲರ ಮುಂದೆ ನಿಜ ಏಳ್ಲಿ. ಭಾವ, ನೀನು ಯಾವತ್ತೂ ಮರಿ ಮೇಲಿನ ಕೊರವನ್ನ ಹಿಡಿದಿಲ್ವಾ?”

ಉತ್ತರ ಗೊತ್ತಿದ್ದವರು ಅಲ್ಲಿ ಇಬ್ಬರೇ. ಇಲ್ಲ ಎಂದರೆ ವೆಂಕಟರಮಣಪ್ಪ ದಿನ, ಜಾಗ ಎಲ್ಲ ಹೇಳುತ್ತಾನೆ. ಹೌದು ಎಂದರೆ ಅರ್ಜಿಯ ಮೊದಲ ಹೆಸರೇ ಮಣ್ಣುಪಾಲು. ಕೃಷ್ಣ ಅವನ ತೋಳು ಮುಟ್ಟಿ ಪಿಸುಗುಟ್ಟಿದ: “ಆನ್ಸರ್ ಮಾಡ್ಬೇಡಿ. ಅದು ರೆಲವೆಂಟ್ ಅಲ್ಲ.” ಹೆಂಗಸರ ಸಾಲಿನಲ್ಲಿ ಧನಲಕ್ಷ್ಮಿ ಒಮ್ಮೆ ಅಣ್ಣನನ್ನು, ಒಮ್ಮೆ ಗಂಡನನ್ನು ನೋಡುತ್ತಿದ್ದಳು.

“ಹಿಡಿದಿದೀನಿ,” ಅಂದ ರಾಮಾಂಜಿನಪ್ಪ.

ಗುಸುಗುಸು ಎದ್ದಿತು. ಅವನು ಅದು ಅಡಗುವವರೆಗೂ ಕಾದ.

“ಅತ್ತೊಂಬತ್ತು ವರ್ಸ ಆಗ ನಂಗೆ. ಕೊಕ್ಕೆಗೆ ಕಪ್ಪೆ ಕಟ್ಟಿ ಮರಿ ಗುಂಪಿನ ಮಧ್ಯಕ್ಕೇ ಎಸ್ದೆ. ಅದಕ್ಕೆ ಹಸಿವಾಗಿರ್ಲಿಲ್ಲ ಮೇಡಂ. ಮರಿಗೆ ಏನೋ ಬಂತು ಅಂತ ಬಾಯಿ ಹಾಕ್ತು. ತಾಯಿನ ಮೊದಲ್ನೇ ದಿನ ತೆಗ್ದೆ, ಗಂಡನ್ನ ಮಾರನೇ ದಿನ. ಆಮೇಲೆ ಆ ಮರಿಗಳು ಆರು ದಿನ ಅಲ್ಲೇ ಸುತ್ತಾಡ್ತಿದ್ವು. ದಿನಾ ಓಗಿ ನೋಡ್ತಿದ್ದೆ. ದಿನಾ ಗುಂಪು ಚಿಕ್ಕದಾಗ್ತಿತ್ತು. ಏಳನೇ ದಿನ ಒಂದೂ ಇರ್ಲಿಲ್ಲ.” ಅವನು ಅಧಿಕಾರಿಯ ಮುಂದಿದ್ದ ಅರ್ಜಿಯತ್ತ ಬೆರಳು ತೋರಿಸಿದ. “ನಾನು ಮಾಡಿದ್ದು ತಪ್ಪು ಅಂತಾನೇ ಬರ್ಸಿದೀನಿ. ಮಾಡ್ದೇ ಇರೋನಿಗೆ ಇದು ಗೊತ್ತಾಗಕಿಲ್ಲ.”

ವೆಂಕಟರಮಣಪ್ಪ ಕುಳಿತುಬಿಟ್ಟ. ಆ ದಿನಗಳಲ್ಲಿ ಕಪ್ಪೆ ಹಿಡಿದುಕೊಟ್ಟವನು ಅವನೇ. ರಾಮಾಂಜಿನಪ್ಪ ಅದನ್ನು ಹೇಳಲಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟರು. “ಎರಡು ತಿಂಗಳು ನಿಲ್ಲಿಸೋದಾದ್ರೆ ಬಲೆ ಮಾತ್ರ ಅಲ್ಲ, ಗಾಳಾನೂ ನಿಲ್ಲಬೇಕು. ಜೂನ್, ಜುಲೈ ಯಾರೂ ಕೆರೆಗೆ ಇಳಿಯೋ ಹಾಗಿಲ್ಲ. ಗಾಳದವರಿಗೆ ಒಪ್ಪಿಗೆನಾ?”

ಗಾಳದವರು ಮುಖ ಮುಖ ನೋಡಿಕೊಂಡರು. ಇದನ್ನು ಯಾರೂ ಯೋಚಿಸಿರಲಿಲ್ಲ. ಹಿಂದಿನ ಸಾಲಿನಿಂದ ಇರಣ್ಣ ಎದ್ದ. “ನಮಗ ಯಾಕ್ರೀ ಬಂದ್? ದಾರ ಹಾಕಿ ಎರಡು ಮೀನು ಹಿಡಿಯಾಂವ ಕೆರಿ ಬರಿದು ಮಾಡ್ತಾನೇನ್ರೀ?” ಅವನ ಕಣ್ಣು ರಾಮಾಂಜಿನಪ್ಪನ ಮೇಲಿತ್ತು. “ಹೇಳ್ರಿ ಯಜಮಾನ್ರ.”

ನಾಲ್ಕು ದಿನದ ಹಿಂದೆ ತನ್ನ ಪ್ರಾಣ ಕಾಯ್ದವನು ಇವನು. ಆದರೆ ಕಪ್ಪೆ ಕಟ್ಟಿ ಕೊರವನ್ನು ತೆಗೆಯುವುದು ಬಲೆಯಲ್ಲ, ಗಾಳವೇ. ಅದನ್ನು ಈಗಷ್ಟೇ ತನ್ನ ಬಾಯೇ ಹೇಳಿತ್ತು. ರಾಮಾಂಜಿನಪ್ಪ ಕೈ ಎತ್ತಿದ. ಅವನ ಹಿಂದೆ ಒಂದೊಂದಾಗಿ ಬೇರೆ ಕೈಗಳೂ ಎದ್ದವು. ಇರಣ್ಣ ಹೊರಗೆ ನಡೆದ.

ಜೂನ್ ಒಂದಕ್ಕೆ ಏರಿಯ ಮೇಲೆ ಬೋರ್ಡು ಬಿತ್ತು. ಸದ್ಯಕ್ಕೆ ಒಂದು ವರ್ಷದ ಪರೀಕ್ಷೆ, ಯಾರಾದರೂ ನಿಯಮ ಮುರಿದರೆ ರದ್ದು ಎಂದು ಅಧಿಕಾರಿ ಎಚ್ಚರಿಸಿದ್ದರು. ರಾಮಾಂಜಿನಪ್ಪ ದಿನವೂ ಫ್ಯಾಕ್ಟರಿಗೆ ಮುಂಚೆ ಕೆರೆ ಸುತ್ತುತ್ತಿದ್ದ. ಒಂದು ಬೆಳಗ್ಗೆ ಯಾರೋ ಅವನ ಸ್ಕೂಟರಿನ ಎರಡೂ ಟೈರು ಕುಯ್ದಿದ್ದರು. ಅಂದು ನಡೆದೇ ಕೆಲಸಕ್ಕೆ ಹೋದ.

ಜೂನ್ ಮೂರನೇ ಭಾನುವಾರ ಆಚೆ ದಡದ ಜೊಂಡಿನ ಮರೆಯಲ್ಲಿ ಯಾರೋ ಕುಳಿತಿರುವುದು ಕಾಣಿಸಿತು. ಹತ್ತಿರ ಹೋದ. ಇರಣ್ಣ. ಅವನ ದಾರ ನೀರಿನಲ್ಲಿತ್ತು.

“ಇರಣ್ಣ, ದಾರ ಎತ್ತಪ್ಪ.”

“ಮನ್ಯಾಗ ರುಕ್ಮವ್ವಗ ಜ್ವರ. ಸಾರು ಬೇಕಂತಾಳ. ಎರಡ ಮೀನು ಯಜಮಾನ್ರ, ಯಾರೂ ನೋಡಂಗಿಲ್ಲ.”

ರಾಮಾಂಜಿನಪ್ಪ ಏರಿಯ ಕಡೆ ನೋಡಿದ. ಬೋರ್ಡಿನ ಪಕ್ಕದಲ್ಲಿ ಬೈಕಿನ ಮೇಲೆ ಒಬ್ಬ ಕುಳಿತಿದ್ದ. ಅಂದು ಜಲ್ಲೆ ಹಿಡಿದಿದ್ದವನೇ. ಈಗ ಅವನ ಕೈಯಲ್ಲಿ ಮೊಬೈಲ್ ಇತ್ತು, ಅದರ ಕಣ್ಣು ಇತ್ತಲೇ ನೆಟ್ಟಿತ್ತು.

“ನೋಡ್ತಾ ಅವ್ನೆ,” ಅಂದ ರಾಮಾಂಜಿನಪ್ಪ. “ನೀನು ಹಿಡಿದ್ರೆ ನಾಳೆ ಬೋರ್ಡ್ ಕೀಳ್ತಾರೆ. ನಾಡಿದ್ದು ಬಲೆ ಬೀಳ್ತದೆ. ಕೈ ಮುಗೀತೀನಿ, ಎತ್ತು. ಸಾರಿಗೆ ನಮ್ಮನೇಲಿ ಕೋಳಿ ಐತೆ, ಈಗ್ಲೇ ತಂದ್ಕೊಡ್ತೀನಿ.”

ಇರಣ್ಣ ದಾರ ಎಳೆದ. ಬಾಟಲಿಗೆ ಸುತ್ತಲಿಲ್ಲ. ದಾರ, ಬಾಟಲಿ, ಕೊಕ್ಕೆ ಎಲ್ಲವನ್ನೂ ಒಟ್ಟಿಗೆ ಕೆರೆಗೆ ಎಸೆದ. “ನಿಮ್ಮ ಕೋಳಿ ನಿಮಗಿರ್ಲಿ. ಅವತ್ತ ಜಲ್ಲಿ ಹಿಡದಾಗ ನಾ ನಿಮ್ಮ ಕಾನೂನು ಕೇಳಲಿಲ್ಲ,” ಎಂದು ಎದ್ದು ಹೋದ.

ಮಧ್ಯಾಹ್ನ ಧನಲಕ್ಷ್ಮಿ ತಾನೇ ಸಾರು ಮಾಡಿ ಶೆಡ್ಡಿಗೆ ಒಯ್ದಳು. ಬರಿಗೈಲಿ ಬಂದಾಗ ಗಂಡ ಮುಖ ನೋಡಿದ. “ಅವಳು ತಗೊಂಡ್ಳು. ಅವನು ಒಳಗೇ ಇದ್ದ, ಆಚೆ ಬರ್ಲಿಲ್ಲ.” ಜುಲೈ ಮುಗಿಯುವ ಮೊದಲೇ ಇರಣ್ಣನ ಮೇಸ್ತ್ರಿ ಆಳುಗಳನ್ನು ಸರ್ಜಾಪುರದ ಕಡೆಯ ಸೈಟಿಗೆ ಕರೆದೊಯ್ದ. ರಾಮಾಂಜಿನಪ್ಪ ಎರಡು ಸಲ ಅಲ್ಲಿಗೆ ಹೋಗಿ ಹುಡುಕಿದ. ಅಷ್ಟು ಟವರುಗಳ ನಡುವೆ ಯಾವ ಶೆಡ್ಡೆಂದು ಯಾರಿಗೂ ಗೊತ್ತಿರಲಿಲ್ಲ.

ಬೈಕಿನವನ ಮೊಬೈಲಿನಲ್ಲಿ ಹಿಡಿದ ಮೀನೊಂದೂ ಇರಲಿಲ್ಲ, ಆ ವರ್ಷ ನಿಯಮ ಮುರಿದಂತಾಗಲಿಲ್ಲ. ಮಳೆ ನಿಂತ ಮೇಲೆ ಮೊಣಕೈಯುದ್ದದ ಕೊರವಗಳು ಮತ್ತೆ ಕಾಣಿಸಿದವು. ಕೃಷ್ಣನ ಫೋಟೋಗಳನ್ನು ನೋಡಿ ಬೇರೆ ಕೆರೆಗಳವರೂ ಅರ್ಜಿಯ ನಕಲು ಕೇಳಿಕೊಂಡು ಬಂದರು. ಮುಂದಿನ ವರ್ಷದ ಟೆಂಡರಿನಲ್ಲಿ ಎರಡು ತಿಂಗಳ ಬಿಡುವು ಷರತ್ತಾಗಿ ಸೇರಿತು. ಟೆಂಡರ್ ಮತ್ತೆ ವೆಂಕಟರಮಣಪ್ಪನಿಗೇ ಆಯಿತು.

ವಾರದ ನಂತರ ಒಂದು ಸಂಜೆ ಮನೆಯ ಮುಂದೆ ಅವನ ಬೈಕು ನಿಂತಿತು. ಇಂಜಿನ್ ಆಫ್ ಮಾಡಲಿಲ್ಲ. ವರ್ಷದ ಮೇಲೆ ಮೊದಲ ಸಲ ಭಾವನ ಮುಖ ನೋಡಿ ಮಾತಾಡಿದ.

“ಒಸ ಬಲೆ ತರ್ಸಬೇಕು. ಕಣ್ಣು ಎಷ್ಟು ಇರ್ಬೇಕು?”

“ಐವತ್ತು ಮಿಲಿಮೀಟರ್.”

“ಐವತ್ತಾದ್ರೆ ಅರ್ಧ ಮೀನು ತಪ್ಪಿಸ್ಕೊಂಡು ಓಯ್ತವೆ.”

“ಓಗ್ಲಿ ಅಂತಾನೇ.”

ಧನಲಕ್ಷ್ಮಿ ಬಾಗಿಲಿಗೆ ಬಂದು, “ಒಳಗೆ ಬಾ ಅಣ್ಣ,” ಎಂದಳು. ಅವನು ಬರಲಿಲ್ಲ. ಆದರೆ ಅವಳು ತಂದುಕೊಟ್ಟ ನೀರಿನ ಚೊಂಬನ್ನು ಬೈಕಿನ ಮೇಲೆ ಕುಳಿತೇ ಎತ್ತಿ ಕುಡಿದು, ಖಾಲಿ ಮಾಡಿ ಕೈಗಿತ್ತು ಹೊರಟ.